ಕನ್ಫರ್ಮ್ ಆಗುವ ತನಕ

ಹೊಸ ಗಾಜಿನ ಬಳೆಗೆ ಒಂದು ವಾಸನೆ ಇರುತ್ತದೆ. ಕಾಗದದ್ದು, ಕಟ್ಟಿದ ದಾರದ್ದು, ಡಬ್ಬಿಯಲ್ಲಿ ತುಂಬಿದ ಹೊಟ್ಟಿನದು. ಮೊನ್ನೆ ಸೊಸೆ ಸವಣೂರಿನ ಪೇಟೆಯಿಂದ ಮೊಮ್ಮಗಳ ಕುಬಸಕ್ಕೆಂದು ಹಸಿರು ಬಳೆ ತಂದು ನನ್ನ ಮುಂದೆ ಬಿಚ್ಚಿದಳು. ಬಸುರಿಗೆ ಹಸಿರು ಸೀರೆ ಉಡಿಸಿ, ಕೈತುಂಬ ಬಳೆ ಇಡಿಸಿ, ಉಡಿ ತುಂಬುವುದು ನಮ್ಮ ಕಡೆ ಯಾರ ಮನೆಯಲ್ಲೂ ತಪ್ಪುವುದಿಲ್ಲ. ಸೊಸೆಗೆ ಸಂಭ್ರಮ. ನನಗೆ ಆ ವಾಸನೆಗೆ ಬೀಜದ ಕಾರ್ಖಾನೆಯ ಮೇಡಂ ನೆನಪಾದಳು...

ಹಂಸಭಾವಿ ದಾರಿಯಲ್ಲಿದ್ದ ಆ ಕಾರ್ಖಾನೆಯಲ್ಲಿ ನಾನು ಆಫೀಸಿನ ಕಸ ಹೊಡೆದು ಚಹಾ ಕೊಡುತ್ತಿದ್ದೆ. ಶೆಡ್ಡಿನಲ್ಲಿ ಹೆಂಗಸರು ಸಾಲಾಗಿ ಕುಳಿತು ಮೆಣಸಿನ ಬೀಜ, ಟೊಮೆಟೊ ಬೀಜ ಆರಿಸುತ್ತಿದ್ದರು. ಮೇಡಂ ಹಿರೇಬೆಂಡಿಗೇರಿಯವಳು, ಎಚ್ಆರ್ ಅಂತ ಬಂದಿದ್ದಳು. ಎಚ್ಆರ್ ಅಂದರೆ ಏನೆಂದು ನಮಗೆ ಗೊತ್ತಿರಲಿಲ್ಲ. ಆಳು ತಗೊಳ್ಳುವವಳು, ಬಿಡಿಸುವವಳು ಎಂದು ಎರಡೇ ದಿನದಲ್ಲಿ ತಿಳಿಯಿತು.

ಹೊರಗಿನಿಂದ ಬೀಜ ಕೊಳ್ಳುವವರು ಬಂದಾಗ ಕೆಲಸದವರನ್ನೇ ನಿಲ್ಲಿಸಿ ಪ್ರಶ್ನೆ ಕೇಳುತ್ತಿದ್ದರು. ಅದಕ್ಕೇ ಆಕೆ ದಿನಾ ಬೆಳಿಗ್ಗೆ ಗೇಟಿನ ಮುಂದೆ ನಮ್ಮನ್ನೆಲ್ಲ ನಿಲ್ಲಿಸಿ ಇಂಗ್ಲಿಷ್ ಶಬ್ದ ಹೇಳಿಸುತ್ತಿದ್ದಳು. ನಾನು ಮೂರನೇ ಇಯತ್ತೆ ಓದಿದವಳು. ನನ್ನ ಬಾಯಲ್ಲೂ ಶಿಫ್ಟ್, ಓವರ್‌ಟೈಮ್, ಗ್ರೀವೆನ್ಸ್ ಎಲ್ಲ ತಿರುಗಿಸಿದಳು.

"ಕೂಲಿ ಅನ್ನಬಾರದ್ರಿ, ಅಸೋಸಿಯೇಟ್ ಅನ್ರಿ."

"ಅಸೋಸಿಯೇಟ್ ಅಂದ್ರ ಪಗಾರ ಹೆಚ್ಚಾಕ್ಕೈತೇನ್ರಿ ಮೇಡಂ?" ಎಂದು ಚಿಕ್ಕೇರೂರಿನಾಕೆ ಕೇಳಿದಳು. ಬೀಜ ಆರಿಸುವುದರಲ್ಲಿ ಅವಳಷ್ಟು ಚುರುಕು ಯಾರೂ ಇರಲಿಲ್ಲ, ನಾಲಿಗೆಯಲ್ಲೂ ಅಷ್ಟೇ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಮೇಡಂ ನಗಲಿಲ್ಲ. "ತೆಗೆದು ಹಾಕಿದ್ರು ಅನ್ನಬಾರದು, ಸಪರೇಷನ್ ಅನ್ರಿ" ಎಂದು ಮುಂದಿನ ಶಬ್ದಕ್ಕೆ ಹೋದಳು.

ಆ ಶಬ್ದದ ಅರ್ಥ ಚಿಕ್ಕೇರೂರಿನಾಕೆಗೆ ಬೇಗ ತಿಳಿಯಿತು. ಅವಳ ಮಗಳೂ ಅದೇ ಶೆಡ್ಡಿನಲ್ಲಿ ಕುಳಿತು ಆರಿಸುತ್ತಿದ್ದಳು. ಚೊಚ್ಚಲ ಬಸುರಿ. ಬೀಜಕ್ಕೆ ಹಚ್ಚುವ ಗುಲಾಬಿ ಬಣ್ಣದ ಔಷಧದ ನಾತಕ್ಕೆ ಪದೇ ಪದೇ ಹೊರಗೆ ಹೋಗಿ ವಾಂತಿ ಮಾಡುತ್ತಿದ್ದಳು. ಮೇಡಂ ಅವಳನ್ನು ಒಳಗೆ ಕರೆದು, ನಿನ್ನ ಪರ್ಫಾರ್ಮೆನ್ಸ್ ಸಾಲದು, ಪ್ರೊಬೇಷನ್‌ನಲ್ಲಿ ಇದ್ದೀಯ, ನೋಟಿಸ್ ಕೊಡಬೇಕಾಗಿಲ್ಲ ಎಂದಳು. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಹೇಳಿದಳು. ಬಸುರಿ ಅನ್ನುವ ಮಾತೇ ಎತ್ತಲಿಲ್ಲ. ಹುಡುಗಿ ಥ್ಯಾಂಕ್ಸ್ ಹೇಳಿ ಹೊರಗೆ ಬಂದು, ನಾಳೆ ಎಷ್ಟೊತ್ತಿಗೆ ಬರಬೇಕು ಎಂದು ನನ್ನನ್ನು ಕೇಳಿದಳು. ಬರಬ್ಯಾಡ ಎಂದು ಕನ್ನಡದಲ್ಲಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು.

ಆ ಹುಡುಗಿ ಮೆಣಸಿನ ಹೂವಿಗೆ ಕೈಯಿಂದ ಪರಾಗ ಮುಟ್ಟಿಸಿ ಕ್ರಾಸ್ ಮಾಡುವ ಹೊಲದ ಕೆಲಸಕ್ಕೆ ಹೋದಳು. ದಿನವೆಲ್ಲ ಬಾಗಿ ನಿಂತು ಮಾಡುವ ಕೆಲಸ. ಅವಳ ತಾಯಿ ಮಾತ್ರ ಶೆಡ್ಡಿನಲ್ಲೇ ಉಳಿದು, ಬೆಳಿಗ್ಗೆ ಎಲ್ಲರಿಗಿಂತ ದೊಡ್ಡ ದನಿಯಲ್ಲಿ ಸಪರೇಷನ್ ಅನ್ನುತ್ತಿದ್ದಳು.

ಕೆಲವು ತಿಂಗಳಿಗೆ ಮೇಡಂ ತಾನೇ ವಾಂತಿ ಮಾಡತೊಡಗಿದಳು. ಬಚ್ಚಲು ತೊಳೆಯುವವಳು ನಾನು, ಆಕೆಗೆ ನನ್ನಿಂದ ಅದನ್ನು ಮುಚ್ಚಿಡಲಾಗಲಿಲ್ಲ. ಅವತ್ತು ನನ್ನ ಕೈ ಹಿಡಿದುಕೊಂಡಳು.

"ಅವ್ವಾರ, ನಾನೂ ಪ್ರೊಬೇಷನ್‌ನ್ಯಾಗ ಅದೇನಿ. ಕನ್ಫರ್ಮ್ ಆಗೂತನಕ ಯಾರಿಗೂ ಹೇಳಬ್ಯಾಡ್ರಿ. ನೌಕರಿ ಹೋದ್ರ ನಮ್ಮತ್ತಿ ನನ್ನ ಮತ್ತ ಹೊಸ್ತಿಲಾ ದಾಟಾಕ ಬಿಡೂದಿಲ್ಲ."

"ಆ ಹುಡುಗಿನೂ ಪ್ರೊಬೇಷನ್‌ನ್ಯಾಗ ಇದ್ಲು" ಎಂದೆ. ಆಕೆ ಕೈ ಬಿಟ್ಟಳು. ನಾನು ಯಾರಿಗೂ ಹೇಳಲಿಲ್ಲ. ಹೇಳುವ ಗರಜೂ ಇರಲಿಲ್ಲ. ಸಡಿಲ ಕೋಟು ಹಾಕಿಕೊಂಡರೆ ಗಂಡಸರ ಕಣ್ಣಿಗೆ ಹೊಟ್ಟೆ ಕಾಣದಿರಬಹುದು. ಹೆತ್ತ ಹೆಂಗಸು ನಡಿಗೆ ನೋಡಿ ತಿಂಗಳು ಹೇಳುತ್ತಾಳೆ.

ಹುಬ್ಬಳ್ಳಿಯಿಂದ ದೊಡ್ಡ ಸಾಹೇಬರು ಬರುವ ದಿನ ಗೊತ್ತಾಯಿತು. ಮೇಡಂಳ ಕನ್ಫರ್ಮೇಷನ್‌ಗೆ ಅವರೇ ಸಹಿ ಹಾಕಬೇಕಿತ್ತು. ಚಿಕ್ಕೇರೂರಿನಾಕೆ ಶೆಡ್ಡಿನಲ್ಲಿ ಮಾತು ತೆಗೆದಳು. "ತಾಯಿ ಇಲ್ಲದ ಹುಡುಗಿ ಐತ್ರವಾ. ನಾವ ಕುಬಸ ಮಾಡೂಣು. ದೊಡ್ಡೋರು ಬಂದ ದಿನಾನ ಮಾಡಿದ್ರ ಶೋಭಾ ಬರ್ತೈತಿ." ಹೆಂಗಸರಿಗೆ ಹಿಗ್ಗು. ಒಬ್ಬಳು ಬಳೆ ತಂದಳು, ಒಬ್ಬಳು ಕುಪ್ಪಸದ ಖಣ, ಒಬ್ಬಳು ಹೋಳಿಗೆ. ಪ್ರೊಬೇಷನ್ ಅನ್ನುವ ಶಬ್ದ ಅವರಿಗೆ ಬಾಯಿಪಾಠ ಇತ್ತು. ಅದು ಮೇಡಂಳಿಗೂ ಇರುತ್ತದೆ ಎಂದು ಅವರಲ್ಲಿ ಯಾರಿಗೂ ಹೊಳೆಯಲಿಲ್ಲ, ಒಬ್ಬಳಿಗೆ ಬಿಟ್ಟರೆ. ಗೊತ್ತಿದ್ದ ನಾನೂ ತಡೆಯಲಿಲ್ಲ.

ಊಟದ ಹೊತ್ತಿಗೆ ಮೇಡಂಳನ್ನು ಕುರ್ಚಿ ಸಮೇತ ಶೆಡ್ಡಿಗೆ ಎಳೆದು ತಂದರು. "ಬ್ಯಾಡ್ರಿ, ಇವತ್ತ ಬ್ಯಾಡ್ರಿ, ನಿಮ್ಮ ಕಾಲ ಬೀಳ್ತೇನಿ" ಎನ್ನುತ್ತಿದ್ದಳು. "ನಾಚಬ್ಯಾಡ, ನಾವೆಲ್ಲಾ ಹಡದಿಲ್ಲೇನವಾ" ಎಂದು ಕೋಟು ಬಿಚ್ಚಿ, ಹೆಗಲ ಮೇಲೆ ಹಸಿರು ಸೀರೆ ಹೊದಿಸಿ, ಕೈತುಂಬ ಬಳೆ ಇಡಿಸಿ, ಹಣೆ ತುಂಬ ಕುಂಕುಮ ಹಚ್ಚಿದರು. ಹಾಡು ಕೇಳಿ ಸಾಹೇಬರು ಹೊರಗೆ ಬಂದರು. ನಗುನಗುತ್ತಾ ಹೋಳಿಗೆ ತಗೊಂಡರು. ಕಂಗ್ರಾಜುಲೇಷನ್ಸ್ ಎಂದರು.

"ಎಷ್ಟು ತಿಂಗಳಮ್ಮಾ?"

ಮೇಡಂ ಬಿಚ್ಚಿಟ್ಟ ಕೋಟಿಗೆ ಕೈ ಚಾಚಿದಳು. ಚಿಕ್ಕೇರೂರಿನಾಕೆ ಉಡಿಗೆ ಅಕ್ಕಿ ಹಾಕುತ್ತಾ ಗಟ್ಟಿಯಾಗಿ ಹೇಳಿದಳು: "ಏಳರಾಗ ಬಿದ್ದೈತ್ರಿ ಸಾಹೇಬ್ರ. ಇನ್ನೇನು ರಜಾಕ್ಕ ಬಂದ್ಲು."

ಸಾಹೇಬರು ಹೋಳಿಗೆ ಪೂರ್ತಿ ತಿಂದು, ಕೈ ತೊಳೆದುಕೊಂಡೇ ಒಳಗೆ ಹೋದರು.

ಸಂಜೆ ಆಫೀಸಿಗೆ ಚಹಾ ಒಯ್ದಾಗ ಮೇಡಂ ಮೇಜಿನ ಈಚೆ ಬದಿಯ ಕುರ್ಚಿಯಲ್ಲಿದ್ದಳು. ಬಿಟ್ಟುಹೋಗುವವರನ್ನು ಆಕೆ ಕೂರಿಸುತ್ತಿದ್ದ ಕುರ್ಚಿ ಅದು. ಪರ್ಫಾರ್ಮೆನ್ಸ್ ಸಾಲದಾಯಿತು ಎಂದು ಸಾಹೇಬರು ಹೇಳುತ್ತಿದ್ದರು. ಬಸುರಿನ ಮಾತು ಅವರೂ ಎತ್ತಲಿಲ್ಲ. ಆಮೇಲೆ ಎಕ್ಸಿಟ್ ಇಂಟರ್‌ವ್ಯೂ. ಕಂಪನಿ ನಿಮಗೆ ಹೇಗನಿಸಿತು, ಫೀಡ್‌ಬ್ಯಾಕ್ ಏನು... ಆಕೆ ಉತ್ತರ ಕೊಟ್ಟಳು, ಎಲ್ಲ ಇಂಗ್ಲಿಷಿನಲ್ಲೇ. ಸಹಿ ಹಾಕುವಾಗ ಬಳೆ ಗಲಗಲ ಅಂದವು. ಇನ್ನೊಂದು ಕೈಯಿಂದ ಅವನ್ನು ಒತ್ತಿ ಹಿಡಿದುಕೊಂಡು ಸಹಿ ಮುಗಿಸಿದಳು. ಕುಬಸದ ಬಳೆ ಹೆರಿಗೆಯ ತನಕ ತೆಗೆಯಬಾರದು ಎಂದು ಮಧ್ಯಾಹ್ನ ಆಕೆಗೆ ಹೇಳಿದವಳು ನಾನೇ.

ಉಡಿಯ ಅಕ್ಕಿ ಚೆಲ್ಲದ ಹಾಗೆ ಸೆರಗು ಹಿಡಿದುಕೊಂಡು ಗೇಟು ದಾಟಿದಳು. ಚಿಕ್ಕೇರೂರಿನಾಕೆ ಅಲ್ಲೇ ಅಡಿಕೆ ಅಗಿಯುತ್ತಾ ನಿಂತಿದ್ದಳು. "ಸಮಾಧಾನ ಆತೇನ?" ಎಂದೆ.

"ನನ್ನ ಮಗಳಿಗೆ ಕುಬಸಾ ಮಾಡೂಣಂದ್ರ ಕೂಸ ಉಳೀಲಿಲ್ಲ" ಎಂದಳು. "ಈಕೀಗಾರ ಆತಲ್ಲ."

ಮುಂದಿನ ವಾರ ಬೇರೆ ಎಚ್ಆರ್ ಬಂದ. ಅವವೇ ಶಬ್ದ. ಮೇಡಂ ಮತ್ತೆ ಕಾಣಲಿಲ್ಲ. ಕೂಸು ಗಂಡೋ ಹೆಣ್ಣೋ, ಅತ್ತೆ ಹೊಸ್ತಿಲು ದಾಟಲು ಬಿಟ್ಟಳೋ ಇಲ್ಲವೋ... ಕೇಳಿ ತಿಳಿಯೋಣವೆಂದರೆ ಯಾವ ಮುಖ ಹೊತ್ತು ಹೋಗುವುದೆಂದು ಯಾರೂ ಹಿರೇಬೆಂಡಿಗೇರಿಗೆ ಹೋಗಲಿಲ್ಲ.

ನಿನ್ನೆ ಮೊಮ್ಮಗಳು ಬಂದಳು. ಶಿಗ್ಗಾಂವಿಯ ಬಟ್ಟೆ ಕಾರ್ಖಾನೆಯ ಆಫೀಸಿನಲ್ಲಿ ಅವಳಿಗೆ ಹೊಸ ನೌಕರಿ. ಬಳೆ ನೋಡಿ ಅವಳ ಮುಖ ಸಣ್ಣದಾಯಿತು. "ಅಜ್ಜಿ, ಮನಿ ಮಂದಿ ಅಷ್ಟ ಸಾಕು. ಯಾರೂ ಫೋಟೋ ಹೊಡೀಬಾರದು. ಸೋಮವಾರ ಡ್ಯೂಟಿ ಐತಿ, ಬಳಿ ತೆಗೀಬೌದಲ್ಲ?"

"ಅಯ್ಯ, ಹಡಿಯೂತನಕ ತೆಗೀಬಾರದು!" ಎಂದು ಸೊಸೆ ಬಾಯಿ ಮೇಲೆ ಕೈ ಇಟ್ಟುಕೊಂಡಳು.

"ಪ್ರೊಬೇಷನ್ ಐತೇನ?" ಎಂದೆ ನಾನು.

ಮೊಮ್ಮಗಳು ಕಣ್ಣರಳಿಸಿದಳು. "ನಿನಗ ಯಾರ ಕಲಿಸಿದ್ರು ಅಜ್ಜಿ ಈ ಶಬ್ದಾ?"

"ಇದ್ಲು ಒಬ್ಬಾಕಿ."

ಇವತ್ತು ಬಾಗಿಲು ಹಾಕಿಕೊಂಡು ಕುಬಸ ಮಾಡಿದೆವು. ಹಾಡನ್ನು ಮೆಲ್ಲಗೆ ಹಾಡಿದೆವು. ಮುಗಿದ ಮೇಲೆ ಮೊಮ್ಮಗಳ ಕೈಗೆ ಸೋಪಿನ ನೊರೆ ಹಚ್ಚಿ, ಒಂದೂ ಒಡೆಯದ ಹಾಗೆ, ಬಳೆಗಳನ್ನು ನಾನೇ ತೆಗೆದೆ.