ಕೈಕೊಡದ ಗಾಡಿ

ಬೆಳಗಾಯಿತೆಂದರೆ ಬೀದಿಯಾಚೆ ಸೈರನ್ ಊಳಿಡುತ್ತದೆ. ಬೆಂಕಿ ಎಲ್ಲೂ ಬಿದ್ದಿಲ್ಲ. ಪ್ರದರ್ಶನಕ್ಕೆಂದು ಗಾಜಿನ ಶೆಡ್ಡಿನಲ್ಲಿ ಸಿಂಗರಿಸುತ್ತಿರುವ ಹಳೆಯ ಅಗ್ನಿಶಾಮಕ ಗಾಡಿಯ ಗುಂಡಿಯನ್ನು ಕೆಲಸದವರು ಒತ್ತಿ ನೋಡುತ್ತಿರುತ್ತಾರೆ. ಎದುರು ಮಹಡಿಯಲ್ಲಿ ತಟ್ಟೆಯ ಮುಂದೆ ಕೂತ ಬೆಂಕಿ ಮಾಮ ಎತ್ತಿದ ತುತ್ತನ್ನು ಮತ್ತೆ ತಟ್ಟೆಗೇ ಇಡುತ್ತಾರೆ.

"ಅದಕ್ಕೆ ಸೈರನ್ನೇ ಇರಲಿಲ್ಲ ಕಣೇ. ಗಂಟೆ ಇತ್ತು, ಕೈಯಲ್ಲಿ ಬಾರಿಸೋದು," ಎನ್ನುತ್ತಾರೆ ಮಗಳಿಗೆ.

ಆ ಗಾಡಿ ಓಡುತ್ತಿದ್ದ ಕಾಲದಲ್ಲಿ ಅದರ ಡ್ರೈವರ್ ಅವರೇ; ಬೀದಿಯವರಿಗೆಲ್ಲ ಬೆಂಕಿ ಮಾಮ ಆಗಿದ್ದೂ ಅದಕ್ಕೇ. ಹೆಂಡತಿ ಬದುಕಿದ್ದಷ್ಟು ದಿನ ಅವರ ಅಂಗಿಯನ್ನು ಒಳಗೆ ಬಿಟ್ಟುಕೊಂಡವಳಲ್ಲ. ಹೊಗೆ ನಾರುತ್ತದೆಂದು ಬಾಗಿಲಾಚೆಯೇ ಬಕೆಟ್ಟಿನಲ್ಲಿ ನೆನೆಹಾಕುತ್ತಿದ್ದಳು.

ಪ್ರದರ್ಶನ ನಡೆಸುವ ಸಾಹೇಬರ ಕಚೇರಿಯಲ್ಲಿ ಮಗಳಿಗೆ ಹಂಗಾಮಿ ಕೆಲಸ. ಉದ್ಘಾಟನೆಯ ದಿನ ಅವಳೇ ಅಪ್ಪನನ್ನು ಕರೆದೊಯ್ದಳು. ಗಾಡಿಯೊಳಗೆ ತಲೆ ಹಾಕಿದವರೇ ಮಾಮ ಮೂಗು ಮುಚ್ಚಿಕೊಂಡರು.

"ಥೂ, ಸೋಪಿನ ಅಂಗಡಿ ಹೊಕ್ಕ ಹಾಗಿದೆ!"

"ಸೆಂಟು ಹೊಡೆದಿದಾರೆ ಅಪ್ಪ. ಮೆಲ್ಲಗೆ ಮಾತಾಡಿ, ಸಾಹೇಬರು ಇಲ್ಲೇ ಇದಾರೆ."

"ಹೆಣಕ್ಕೆ ಪೌಡರ್ ಬಳಿದಿದಾರೆ ಅನ್ನು."

ಹಿಂಬದಿಯಲ್ಲಿ ಪಂಪನ್ನು ಕಿತ್ತು ಅದರ ಜಾಗದಲ್ಲಿ ಟೀವಿ ಕೂರಿಸಿದ್ದರು. ಪರದೆಯ ಮೇಲೆ ಕಿತ್ತಳೆ ಬಣ್ಣದ ಜ್ವಾಲೆ ಕುಣಿಯುತ್ತಿತ್ತು. ಅದರ ಮುಂದೆ ಹಲ್ಲು ಕಿರಿದು ಫೋಟೊ ತೆಗೆಸಿಕೊಳ್ಳುತ್ತಿದ್ದವರನ್ನು ಕಂಡು ಮಾಮ ಮುಖ ತಿರುಗಿಸಿಕೊಂಡರು.

ಆ ಪಂಪು ಒಮ್ಮೆ ಮರದ ಗೋದಾಮಿನ ಬೆಂಕಿಯ ನಡುವೆ ನಿಂತುಹೋಗಿತ್ತು. ಕೆಟ್ಟಿದೆ ಎಂದು ಮಾಮ ಮೊದಲೇ ಹೇಳಿದ್ದರೂ ಮೇಲಿನವರು ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ. ಪೈಪು ಹಿಡಿದು ಒಳಹೊಕ್ಕಿದ್ದ ಜೊತೆಗಾರ, ಸದಾ ತೊಯ್ದೇ ಇರುತ್ತಿದ್ದುದಕ್ಕೆ ಎಲ್ಲರೂ ಕಪ್ಪೆ ಎಂದು ಕರೆಯುತ್ತಿದ್ದವನು, ಬಾರದ ನೀರಿಗೆ ಕಾಯುತ್ತಲೇ ಒಳಗೇ ಸುಟ್ಟುಹೋದ.

ಹಳೆಯ ಡ್ರೈವರ್ ಎಂದು ಉದ್ಘಾಟನೆಯಲ್ಲಿ ಮಾಮ ಮೈಕಿನಲ್ಲಿ ಹೇಳಬೇಕಿದ್ದದ್ದು ಒಂದೇ ಮಾತು: ಈ ಗಾಡಿ ಒಂದು ದಿನವೂ ಕೈಕೊಟ್ಟಿಲ್ಲ.

"ಅಪ್ಪ, ಒಂದೇ ಒಂದು ಸಾಲು," ಎಂದಳು ಮಗಳು, ಅವರ ಕಾಲರ್ ಸರಿಮಾಡುತ್ತ. "ಅದನ್ನ ಬರೆದಿದ್ದು ಸಾಹೇಬರೇ. ನನ್ನ ಕೆಲಸ ಕಾಯಂ ಆಗೋದೂ ಅವರ ಕೈಲೇ ಇರೋದು."

"ಕಪ್ಪೆ ವಿಷಯ ಹೇಳಿದೀಯಾ ಅವರಿಗೆ?"

"ಹೇಳಿದೆ. ಸಮಾರಂಭಕ್ಕೆ ಅದೆಲ್ಲ ಯಾಕಮ್ಮ ಅಂದ್ರು."

ಮಾಮ ಅವಳ ಮುಖ ನೋಡಿದರು. ಸರಿ ಎಂಬಂತೆ ತಲೆಯಾಡಿಸಿ ವೇದಿಕೆ ಹತ್ತಿದರು.

"ಈ ಗಾಡಿ," ಎಂದರು. ಸಾಹೇಬರು ಆಗಲೇ ಚಪ್ಪಾಳೆಗೆ ಕೈ ಎತ್ತಿದ್ದರು. "ಈ ಗಾಡಿ ಒಂದು ದಿನವೂ..."

ಬಾಯಿಯಲ್ಲಿ ಹುಳಿನೀರು ತುಂಬಿ ಬಂತು. ಕಷ್ಟಪಟ್ಟು ನುಂಗಿಕೊಂಡರು. ಪಕ್ಕದಲ್ಲಿ ನಿಂತಿದ್ದ ಮಗಳ ಕೈಗೆ ಮೈಕು ಇಟ್ಟರು. ಅವಳ ಬೆರಳು ತಣ್ಣಗಿದ್ದವು.

"ತಪ್ಪು ತಿಳ್ಕೋಬೇಡ ಮಗಳೇ, ಈ ಮಾತು ನನ್ನ ಬಾಯಿಂದ..." ಎನ್ನುತ್ತ ಮೆಟ್ಟಿಲಿಳಿದು, ಜನರನ್ನು ಸರಿಸಿಕೊಂಡು ನಡೆದೇಬಿಟ್ಟರು.