ಪಿಸುಮಾತಿನ ಶಾಲೆ

ಪೈ ಹೊಳೆಯ ಆಚೆ, ಕಾಡಿನೊಳಗಿನ ನಿರಾಶ್ರಿತರ ಶಿಬಿರದಲ್ಲಿ ಶಾಲೆ ಎಲ್ಲಿದೆ ಎಂದು ಹೊಸಬರು ಸದ್ದಿನಿಂದ ಪತ್ತೆ ಹಚ್ಚಲಾರರು. ನಾಲ್ಕು ಬಿದಿರು ಗೂಟ, ಮೇಲೊಂದು ಟಾರ್ಪಾಲು, ಅದು ಬಾಂಬು ಹಾಕುವ ಸೇನೆಯ ವಿಮಾನದವರ ಕಣ್ಣಿಗೆ ಬೀಳದಿರಲೆಂದು ಸೊಪ್ಪು, ಪಕ್ಕದಲ್ಲೇ ಮಕ್ಕಳು ಅವಿತುಕೊಳ್ಳುವ ಗುಂಡಿ. ಪಾಠವೆಲ್ಲ ಪಿಸುಮಾತಿನಲ್ಲಿ. ಈ ಕಾನೂನು ಮಾಡಿದವಳು ಟೀಚರ್ ಪ್ರೇ ಮೆಹ್.

ಶಿಬಿರದಲ್ಲಿದ್ದ ಕಯಾ ಬುಡಕಟ್ಟಿನ ಜನರಿಗೆ ಇದು ಹಿಡಿಸಲಿಲ್ಲ. ಅವರು ಶಾಲೆಯನ್ನು ಅಳೆಯುವುದೇ ಗಂಟಲಿನಿಂದ. ಮಕ್ಕಳೆಲ್ಲ ಒಟ್ಟಾಗಿ ಕಿರುಚಿ ಓದಬೇಕು, ಅದು ಊರಿಗೆಲ್ಲ ಕೇಳಬೇಕು. ಆಗಲೇ ಟೀಚರ್ ಉಂಡ ಅನ್ನಕ್ಕೆ ನ್ಯಾಯ. ಪ್ರೇ ಮೆಹ್ ಕೂಡ ಹಳ್ಳಿಯಲ್ಲಿದ್ದಾಗ ಹಾಗೆಯೇ ಕಲಿಸಿದವಳು. ಈಗ ಮೂರು ವರ್ಷದಿಂದ ಒಂದು ಕಿವಿ ಮಕ್ಕಳಿಗೆ, ಇನ್ನೊಂದು ಆಕಾಶಕ್ಕೆ. ಅವಳಿಗೆ ಸಾಕುಸಾಕಾಗಿತ್ತು.

ಎಲ್ಲರಿಗಿಂತ ಹೆಚ್ಚು ಸಿಡುಕಿದವಳು ಮುದುಕಿ ಬು ಮೆಹ್. ಮಗಳನ್ನು ಬಾಂಬು ತಿಂದ ಮೇಲೆ ಮೊಮ್ಮಗಳು ತ್ಯಾಳನ್ನು ಸಾಕುತ್ತಿದ್ದವಳು. ತ್ಯಾ ಒಮ್ಮೆ ಹೇಳಿದರೆ ಸಾಕು, ಕಲಿತುಬಿಡುವ ಹುಡುಗಿ.

"ಏನ್ ಟೀಚರಮ್ಮಾ, ಇಲ್ಲಿ ಹೆಣ ಕಾಯ್ತಿದೀರಾ? ಪಿಸಪಿಸ ಅಂದ್ರೆ ವಿದ್ಯೆ ಹತ್ತುತ್ತಾ? ನಮ್ ಹುಡುಗಿ ಓದೋದು ನನ್ ಹೊಲದವರೆಗೂ ಕೇಳ್ಬೇಕು. ಇಲ್ಲಾಂದ್ರೆ ಮೆಕ್ಕೆಜೋಳಕ್ಕೆ ಬೀಳೋ ಗಿಣಿನಾದ್ರೂ ಓಡಿಸ್ಲಿ."

"ಗಲಾಟೆ ಮಾಡಿದ್ರೆ ವಿಮಾನ ಬಂದಿದ್ದು ಹ್ಯಾಗ್ ಗೊತ್ತಾಗ್ಬೇಕು ಅಜ್ಜಿ?"

"ಅಷ್ಟು ಪುಕ್ಕಲು ಇದ್ದೋಳು ಶಾಲೆ ಯಾಕೆ ತೆರೆದೆ?"

ಮರುದಿನದಿಂದ ತ್ಯಾ ಬರಲಿಲ್ಲ. ಅವಳನ್ನು ನೋಡಿ ಇನ್ನಷ್ಟು ಮಕ್ಕಳು ಹೊಲದ ಕಡೆ ಜಾರಿಕೊಂಡರು. ಹೀಗೇ ಬಿಟ್ಟರೆ ಸುಗ್ಗಿಯ ಹೊತ್ತಿಗೆ ಶಾಲೆ ಖಾಲಿ, ಅಕ್ಷರ ಬಾರದ ಇನ್ನೊಂದು ತಲೆಮಾರು ತಯಾರು ಎಂಬುದು ಪ್ರೇ ಮೆಹ್‌ಗೆ ಚೆನ್ನಾಗಿ ಗೊತ್ತಿತ್ತು.

ಒಂದು ಬೆಳಿಗ್ಗೆ ದಟ್ಟ ಮಂಜು. ಮಂಜಿನಲ್ಲಿ ವಿಮಾನ ಬರುವುದಿಲ್ಲ. ಪ್ರೇ ಮೆಹ್ ನೇರವಾಗಿ ಮುದುಕಿಯ ಗುಡಿಸಲಿಗೆ ಹೋದಳು. "ಇವತ್ತು ಕಳಿಸು. ನಿನ್ ಹೊಲಕ್ಕೆ ಕೇಳಿಸ್ಲಿಲ್ಲ ಅಂದ್ರೆ ಆಮೇಲೆ ಮಾತಾಡು."

ಜೋರಾಗಿ ಓದಿ ಎಂದಾಗ ಮಕ್ಕಳು ಮುಖ ಮುಖ ನೋಡಿಕೊಂಡರು. ಮೊದಲು ಸ್ವರವೇ ಏಳಲಿಲ್ಲ. ಆಮೇಲೆ ತ್ಯಾ ಮಗ್ಗಿ ಶುರುಮಾಡಿದಳು, ಉಳಿದವರು ಹಿಡಿದುಕೊಂಡರು, ಕಾಡೇ ಹಾರಿಹೋಗುವಂತೆ ಕಿರುಚಿದರು. ಗುಡಿಸಲುಗಳಿಂದ ಜನ ಹೊರಬಂದು ನಿಂತರು. ಪ್ರೇ ಮೆಹ್ ಕೋಲಿನಿಂದ ತಾಳ ಹಾಕುತ್ತಾ ತಾನೂ ಕಿರುಚಿದಳು. ಎಷ್ಟೋ ದಿನದ ಮೇಲೆ ಅವಳಿಗೆ ಸಂತೋಷವಾಗಿತ್ತು. ಮಂಜು ಕರಗಿ ಬಿಸಿಲು ಬಿದ್ದದ್ದು ಅವಳ ಗಮನಕ್ಕೇ ಬರಲಿಲ್ಲ.

ಮೇಲೆ ಹೊಲದಲ್ಲಿ ಮುದುಕಿ ಗಿಣಿ ಓಡಿಸುವುದನ್ನೂ ಬಿಟ್ಟು ಮೊಮ್ಮಗಳ ದನಿಗೆ ಕಿವಿಗೊಟ್ಟಿದ್ದಳು. ಹಾಗಾಗಿಯೇ ಅದರ ಅಡಿಯಲ್ಲಿದ್ದ ಇನ್ನೊಂದು ಸದ್ದು ಅವಳಿಗೆ ಸಿಕ್ಕಿತು. ಕೂಗುತ್ತಾ ಇಳಿಜಾರಿನಲ್ಲಿ ಓಡಿಬಂದಳು. ಅವಳ ಕೂಗು ಯಾರಿಗೂ ಕೇಳಲಿಲ್ಲ. ಕೊನೆಗೆ ಒಳಗೆ ನುಗ್ಗಿ ಮಣ್ಣುಗೈಯಲ್ಲಿ ಟೀಚರ್ ಬಾಯನ್ನೇ ಮುಚ್ಚಿದಳು. ಮಕ್ಕಳು ಸುಮ್ಮನಾದರು. ಆಗ ಎಲ್ಲರಿಗೂ ಕೇಳಿಸಿತು.

ಗುಂಡಿಗೆ ಇಳಿಯುವಷ್ಟೇ ಹೊತ್ತು ಸಿಕ್ಕಿತು. ಬಾಂಬು ಹೊಳೆಯ ಆಚೆ ದಡಕ್ಕೆ ಬಿತ್ತು, ಮಕ್ಕಳ ತಲೆಯ ಮೇಲೆ ಮಣ್ಣು ಉದುರಿತು. ಯಾರೂ ಸಾಯಲಿಲ್ಲ. ಅದರಲ್ಲಿ ಪ್ರೇ ಮೆಹ್‌ಳ ಜಾಣತನವೇನೂ ಇರಲಿಲ್ಲ.

ಸಂಜೆ ಅವಳು ಮುದುಕಿಯ ಒಲೆಯ ಮುಂದೆ ಕುಸಿದು ಕೂತಳು. "ನಂಗೆ ಕೇಳಿಸ್ಲೇ ಇಲ್ಲ ಅಜ್ಜಿ. ಶಾಲೆ ಮುಚ್ತೀನಿ. ಇನ್ನು ನನ್ ಕೈಲಾಗಲ್ಲ."

ಮುದುಕಿ ಚಿಪ್ಪಿಗೆ ಧಾನ್ಯದ ಕಳ್ಳು ಬಗ್ಗಿಸಿ ಕೊಟ್ಟಳು. "ಮೊದ್ಲು ಕುಡಿ. ಮುಚ್ಚಿ ಏನ್ ಕಿಸೀತೀಯಾ? ಗಿಣಿ ಓಡ್ಸೋಕೂ ಬರಲ್ಲ ನಿಂಗೆ." ಒಲೆಗೆ ಸೌದೆ ತಳ್ಳಿ, "ಹೇಳ್ಕೊಡೋಳಿಗೆ ಎರಡೆರಡು ಕೆಲ್ಸ ಮಾಡೋಕಾಗಲ್ಲ ಬಿಡು" ಎಂದಳು.

ಬೆಳಿಗ್ಗೆ ಅವಳು ತ್ಯಾಳನ್ನು ತಾನೇ ಕರೆತಂದಳು. ಒಳಗೆ ಕೂರಿಸಿ, ತಾನು ಹೊರಗಿನ ದಿಮ್ಮಿಯ ಮೇಲೆ ಶಾಲೆಗೆ ಬೆನ್ನು ಹಾಕಿ, ಆಕಾಶಕ್ಕೆ ಮುಖ ಮಾಡಿ ಕೂತಳು. ಹೊಲವನ್ನು ಗಿಣಿಗಳಿಗೇ ಬಿಟ್ಟುಬಂದಿದ್ದಳು. ತ್ಯಾ ಪುಸ್ತಕ ತೆರೆದು, ಅಜ್ಜಿಗೆ ಕೇಳಲೆಂದು ತುಸು ದನಿ ಎತ್ತಿ ಓದತೊಡಗಿದಳು.

ಮುದುಕಿ ತಿರುಗಿ ನೋಡಲಿಲ್ಲ.

"ಇನ್ನೂ ಮೆಲ್ಲಗೆ ಓದೇ," ಎಂದಳು. "ನಂಗೆ ಬರೀ ನೀನೇ ಕೇಳಿಸ್ತಿದೀಯ."