ಕಚ್ಚಿಸಿಕೊಂಡರೆ ಹೇಳಬೇಕು

ಆ ಭಾನುವಾರ ಅತ್ತಿಗೆಯ ತುಟಿಗಳ ನಡುವೆ ಮೂರು ಗುಂಡುಸೂಜಿಗಳಿದ್ದವು. ಸೂಜಿ ಕಚ್ಚಿಕೊಂಡೇ ಮಾತಾಡುವುದು ಅವಳ ಅಭ್ಯಾಸ. ಮಾತೆಲ್ಲ ಬಾಯಿಯ ಬಲಮೂಲೆಯಿಂದ ಬರುತ್ತಿತ್ತು.

"ಕೈ ಎತ್ತೇ. ಹೆಣದ ಥರ ನಿಂತಿದೀಯಲ್ಲ."

ನನ್ನ ನೀಲಿ ರವಿಕೆಗೆ ಬಲತೋಳು ಹಚ್ಚಿ ಆಗಿತ್ತು. ಎಡತೋಳಿಗೆ ಸೂಜಿ ಚುಚ್ಚುತ್ತಿದ್ದವಳು ನಡುವೆ ನಿಂತು ತನ್ನದೇ ಎಡಗೈಯನ್ನು ಭುಜದಿಂದ ಮೊಣಕೈವರೆಗೆ ನೀವಿಕೊಂಡಳು. ಏನಾಯ್ತು ಅಂದೆ.

"ಗ್ಯಾಸು ಕಣೇ. ಈ ತೋಳು ನಾಳೆ ಹಚ್ತೀನಿ, ಬಿಚ್ಚಿಡು."

ಅತ್ತಿಗೆ ಎಂದರೆ ನನ್ನ ಅಣ್ಣನ ಹೆಂಡತಿ. ಅಣ್ಣ ಲಾರಿ ಓಡಿಸುತ್ತಾನೆ, ಮನೆಯಲ್ಲಿರುವುದು ಕಡಿಮೆ. ಅವಳು ಅಜ್ಜಂಪುರದ ಸ್ಟೇಷನ್ ರಸ್ತೆಯಲ್ಲಿ ಸಣ್ಣ ಮಳಿಗೆ ಹಿಡಿದು ರವಿಕೆ ಹೊಲಿಯುತ್ತಿದ್ದಳು. ನಾನು ತರೀಕೆರೆಯ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದೇನೆ. ಕೆಲಸ ಕೊಡಿಸಿದವಳೂ ಅವಳೇ.

ಅವಳಿಗೆ ಒಂದೇ ಹುಚ್ಚು. ಸತ್ತವರು ಎದ್ದು ನಡೆಯುವ ಜೋಂಬಿ ಸೀರಿಯಲ್. ಇಂಗ್ಲಿಷ್ ಅಷ್ಟಕ್ಕಷ್ಟೆ. "ಕಚ್ಚೋದಕ್ಕೆ ಯಾವ ಭಾಷೆ ಬೇಕು?" ಅನ್ನುವಳು. ಆ ಸೀರಿಯಲ್ ವರ್ಷಗಟ್ಟಲೆ ನಡೆದು ಮುಗಿಯಿತು. ಮುಗಿದ ಮೇಲೆ ಅದರಲ್ಲಿದ್ದ ಕೆಲವರನ್ನೇ ಇಟ್ಟುಕೊಂಡು ಹೊಸ ಸೀರಿಯಲ್ ಶುರು ಮಾಡಿದರು. ಅದರಲ್ಲಿ ಹೆಣಗಳು ಓಡತೊಡಗಿದವು. ಅತ್ತಿಗೆಗೆ ಸಿಟ್ಟು ಬಂತು.

"ಹೆಣ ನಡೀಬೇಕು ಕಣ್ರೀ. ಓಡೋದಾಗಿದ್ರೆ ಇಷ್ಟು ವರ್ಷ ಯಾಕೆ ನಡೆಸಿದ್ರು? ಹಳಬರೆಲ್ಲ ಸುಮ್ಮನೆ ಸತ್ರಾ?"

ಇದನ್ನು ಅವಳು ವಾಟ್ಸಾಪಿನಲ್ಲಿ ಹೇಳಿದ್ದು. 'ಉಳಿದವರು' ಎಂಬ ಗುಂಪು ಅವಳೇ ಕಟ್ಟಿದ್ದು. ಕಡೂರು, ತರೀಕೆರೆ, ಅಜ್ಜಂಪುರದ ಜೋಂಬಿ ಹುಚ್ಚರೆಲ್ಲ ಅದರಲ್ಲಿದ್ದರು, ನಾನೂ ಇದ್ದೆ. ನಿಜವಾಗಿ ಹೆಣಗಳು ಎದ್ದರೆ ನಾವು ಎಲ್ಲಿಗೆ ಹೋಗಬೇಕು ಎಂಬುದು ಅಲ್ಲಿ ಮುಗಿಯದ ಜಗಳ. ಕಡೂರಿನ ಗ್ಯಾರೇಜಿನವನು ಕೆಮ್ಮಣ್ಣುಗುಂಡಿ ಅನ್ನುತ್ತಿದ್ದ. ಅತ್ತಿಗೆ ಒಪ್ಪುತ್ತಿರಲಿಲ್ಲ.

"ಅಲ್ಲಿ ಮಂಜು ಕಣಪ್ಪ. ಎದುರಿಗೆ ಬರೋದು ಟೂರಿಸ್ಟೋ ಹೆಣವೋ ಹೆಂಗೆ ಗೊತ್ತಾಗುತ್ತೆ? ನಮ್ಮ ತವರು ಪಂಚನಹಳ್ಳಿಗೆ ಬನ್ನಿ. ಬಯಲು, ಮೈಲಿ ದೂರದಲ್ಲೇ ಕಾಣ್ತವೆ. ಕುಡಿಯಕ್ಕೆ ಎಳನೀರು."

"ಮರ ಯಾರು ಹತ್ತೋದು ಅಕ್ಕಾ?"

"ನೀನೇ. ಕೆಳಗೆ ಹೆಣ ನಿಂತ್ರೆ ತಾನಾಗೇ ಹತ್ತೀಯ."

ಪ್ರತಿ ಸೋಮವಾರ ಮಧ್ಯಾಹ್ನ ಅವಳು ಷಟರ್ ಅರ್ಧ ಇಳಿಸಿ, ಫೋನನ್ನು ಹೊಲಿಗೆ ಮಿಷನ್ನಿಗೆ ಒರಗಿಸಿ ಹೊಸ ಕಂತು ನೋಡುತ್ತಿದ್ದಳು. ಷಟರ್ ಅರ್ಧ ಇಳಿದಿದ್ದರೆ ಬೀದಿಯವರು ಯಾರೂ ಅವಳನ್ನು ಕರೆಯುತ್ತಿರಲಿಲ್ಲ. ಕರೆದರೆ ಬೈಸಿಕೊಳ್ಳಬೇಕಿತ್ತು. ಕಂತು ಮುಗಿದ ಮೇಲೆ ಗುಂಪಿನಲ್ಲಿ ಹಾಜರಿ. ಎಲ್ಲರೂ 'ಇದೀನಿ' ಎಂದು ಬರೆಯಬೇಕು. ಬರೆಯದವರನ್ನು ಹೆಣ ಕಚ್ಚಿತು ಎಂದು ಲೆಕ್ಕ. ಉಳಿದವರು ಜೋಂಬಿ ಸ್ಟಿಕ್ಕರ್ ಹಾಕಿ ಆಡಿಕೊಳ್ಳುವರು. ಅವಳು ಮಾತ್ರ ಒಂದು ಸೋಮವಾರವೂ ಹಾಜರಿ ತಪ್ಪಿಸಿದವಳಲ್ಲ.

ಒಂದು ಕಂತಿನಲ್ಲಿ ಒಬ್ಬ ತಂದೆ ಹೆಣದಿಂದ ಕಚ್ಚಿಸಿಕೊಂಡು, ಗಾಯವನ್ನು ಅಂಗಿಯ ತೋಳಿನಡಿ ಮುಚ್ಚಿಡುತ್ತಾನೆ. ಗುಂಪೆಲ್ಲ ಅತ್ತಿತು. ಮಗುವಿನ ಜೊತೆ ಇನ್ನೊಂದು ದಿನ ಇರುವ ಆಸೆ, ಪಾಪ ಎಂದು ಬರೆದರು. ಅತ್ತಿಗೆ ಕಳಿಸಿದ ವಾಯ್ಸ್ ಮೆಸೇಜು ನನ್ನ ಫೋನಿನಲ್ಲಿ ಇನ್ನೂ ಇದೆ.

"ಏನ್ ಪಾಪ? ಮುಚ್ಚಿಟ್ಕೊಂಡು ಅದೇ ಮಗು ಪಕ್ಕದಲ್ಲಿ ಮಲಗ್ತಾನಲ್ಲ, ಅವನಿಗೆ ಬುದ್ಧಿ ಬೇಡ್ವಾ? ಕೋಲು, ಕತ್ತಿ ಎಲ್ಲ ಆಮೇಲೆ. ಮೊದ್ಲು ಕಚ್ಚಿಸ್ಕೊಂಡ್ರೆ ಹೇಳ್ಬೇಕು. ನಮ್ಮ ಗುಂಪಿಗೆ ಅದೊಂದೇ ರೂಲು."

ರವಿಕೆ ತೊಟ್ಟು ನೋಡಿದ ಮರುದಿನ, ಸೋಮವಾರ, ನಾನು ಅಂಗಡಿಯವರ ಜೊತೆ ಕೆಮ್ಮಣ್ಣುಗುಂಡಿಗೆ ಹೋಗಿದ್ದೆ. ಮೇಲೆ ಸಿಗ್ನಲ್ ಇರಲಿಲ್ಲ. ಸಂಜೆ ಇಳಿದು ಲಿಂಗದಹಳ್ಳಿ ಹತ್ತಿರ ಬರುತ್ತಿದ್ದಂತೆ ಮೆಸೇಜುಗಳು ಸುರಿದವು. ಹಾಜರಿ ಹಾಕದ ನನಗೂ ಸ್ಟಿಕ್ಕರ್ ಹಾಕಿದ್ದರು. ಆದರೆ ಹೆಚ್ಚಿನವು ಅತ್ತಿಗೆಗೆ. 'ಅಕ್ಕಂಗೇ ಕಚ್ತು.' 'ಲೀಡರ್ ಔಟ್.' 'ಯಾರಾದ್ರೂ ತಲೆಗೆ ಹೊಡೀರಪ್ಪಾ, ಎದ್ದು ಬಂದಾಳು.' ಅದಕ್ಕೆಲ್ಲ ನಗುವ ಮುಖಗಳು.

ಅತ್ತಿಗೆಗೆ ಫೋನ್ ಮಾಡಿದೆ. ಎತ್ತಲಿಲ್ಲ. ಪಕ್ಕದ ಬಳೆ ಅಂಗಡಿಯಾಕೆಗೆ ಮಾಡಿದೆ.

"ಷಟರ್ ಅರ್ಧ ಇಳಿಸವಳೆ ಕಣಮ್ಮ. ಸೀರಿಯಲ್ ನೋಡ್ತಿರ್ಬೇಕು."

"ಇಷ್ಟೊತ್ತಿಗೆ ಯಾವ ಸೀರಿಯಲ್ಲಕ್ಕಾ? ಎತ್ತಿ ನೋಡಿ."

"ಬಯ್ತಾಳೆ ಕಣೇ."

"ಬಯ್ಯಲಿ. ಎತ್ತಿ."

ಫೋನಿನಲ್ಲೇ ಷಟರಿನ ಸದ್ದು ಕೇಳಿಸಿತು. ಆಮೇಲೆ ಆಕೆಯ ಕೂಗು.

ಆಸ್ಪತ್ರೆಯಲ್ಲಿ ಡಾಕ್ಟರು ಹೃದಯಾಘಾತ ಅಂದರು, ಜೀವ ಹೋಗಿ ಬಹಳ ಹೊತ್ತೇನೂ ಆಗಿಲ್ಲ ಅಂದರು. ಆ ಮಾತು ಹೇಳಬಾರದಿತ್ತು. ಅವಳಿಗೆ ಇನ್ನೂ ಜೀವವಿದ್ದ ಹೊತ್ತಿನಲ್ಲೇ ಗುಂಪಿನವರು ಸ್ಟಿಕ್ಕರ್ ಹುಡುಕುತ್ತಿದ್ದರು.

ಮಣ್ಣು ಮಾಡಿ ಬಂದ ದಿನ ಬಳೆ ಅಂಗಡಿಯಾಕೆ ನನ್ನ ಪಕ್ಕ ಕೂತು ಬಾಯಿಬಿಟ್ಟಳು. ವಾರದಿಂದ ಎದೆ ಹಿಡಿಯುತ್ತಿತ್ತಂತೆ. ಶಿವಮೊಗ್ಗಕ್ಕೆ ಹೋಗಿ ಪರೀಕ್ಷೆ ಮಾಡಿಸಿ ಎಂದು ಇಲ್ಲಿಯ ಡಾಕ್ಟರು ಹೇಳಿದ್ದರಂತೆ. "ಮನೇರಿಗೆ ಹೇಳ್ಬೇಡ ಅಂತ ಆಣೆ ಹಾಕಿಸ್ಕೊಂಡ್ಲು ಕಣಮ್ಮ. ಮದುವೆ ರವಿಕೆ ಕೊಡೋದೈತೆ, ಕೊಟ್ಟು ಹೋಯ್ತೀನಿ ಅಂದ್ಲು."

ನನಗೆ ಅಳು ಬರಲಿಲ್ಲ. ಅವಳನ್ನು ಎಬ್ಬಿಸಿ ಕೂರಿಸಿ ಕೇಳಬೇಕು ಅನ್ನಿಸಿತು. ಊರಿಗೆಲ್ಲ ರೂಲು ಹೇಳಿದೆ. ನನ್ನ ಮುಂದೆ ಕೈ ನೀವಿಕೊಂಡು ಗ್ಯಾಸು ಅಂದೆ. ಆ ಅಂಗಿ ತೋಳಿನವನಿಗಿಂತ ನೀನು ಏನು ಹೆಚ್ಚು?

ಕಡೂರಿನ ಗ್ಯಾರೇಜಿನವನು ಮನೆಗೆ ಬಂದ. ಒಳಗೆ ಬರದೆ ಬಾಗಿಲಲ್ಲೇ ನಿಂತ.

"ಆಟ ಅಂದ್ಕೊಂಡ್ವಿ ಕಣಮ್ಮ. ನಮಗೇನ್ ಗೊತ್ತು."

"ಹೆಣ ಬಂದ್ರೆ ಎಲ್ಲಿಗೆ ಹೋಗ್ಬೇಕು, ಯಾರು ಹಗ್ಗ ತರ್ಬೇಕು, ಎಲ್ಲ ಗೊತ್ತಿತ್ತಲ್ಲಣ್ಣ. ಹಾಜರಿ ತಪ್ಪಿಸದೋಳು ತಪ್ಪಿಸಿದ್ರೆ ಒಂದು ಫೋನ್ ಮಾಡ್ಬೇಕು ಅಂತ ಗೊತ್ತಿರಲಿಲ್ವಾ?"

ನಾನು ಅವನಿಗೆ ಕೂರಿ ಅನ್ನಲಿಲ್ಲ. ಕಾಫಿಯನ್ನೂ ಕೊಡಲಿಲ್ಲ.

ಗುಂಪಿನವರು ಅವಳ ಫೋಟೋ ಹಾಕಿ, ಸುತ್ತ ಜೋಂಬಿಗಳನ್ನು ಬರೆಸಿ 'ನಮ್ಮ ಲೀಡರ್ ಅಮರ' ಅಂದರು. ಒಂದೆರಡು ವಾರಕ್ಕೆ ಹಾಜರಿಯೂ ಶುರುವಾಯಿತು. ಆಮೇಲೊಂದು ಸುದ್ದಿ ಬಂತು. ಆ ಅಂಗಿ ತೋಳಿನ ತಂದೆ ಸತ್ತಿಲ್ಲವಂತೆ, ಮುಂದಿನ ಸೀಸನ್ನಿಗೆ ವಾಪಸ್ ಬರುತ್ತಾನಂತೆ. ಗುಂಪೆಲ್ಲ ಕುಣಿಯಿತು. ಅಕ್ಕ ಇದ್ದಿದ್ರೆ ಎಷ್ಟು ಖುಷಿ ಪಡ್ತಿದ್ರು ಎಂದು ಯಾರೋ ಬರೆದರು. ಖುಷಿ ಪಡುತ್ತಿರಲಿಲ್ಲ. ಬಾಯಿಗೆ ಬಂದಂತೆ ಬೈಯುತ್ತಿದ್ದಳು. ಅಷ್ಟೂ ತಿಳಿಯದವರು ಅವಳ ಜೊತೆ ಅಷ್ಟು ವರ್ಷ ಏನು ಮಾತಾಡಿದರೋ. ನಾನು ಅವತ್ತೇ ಗುಂಪು ಬಿಟ್ಟೆ.

ಮಳಿಗೆ ಖಾಲಿ ಮಾಡುವಾಗ ಮದುವೆಯ ರವಿಕೆಗಳೆಲ್ಲ ಮುಗಿದು, ಗುಂಡಿ ಹಾಕಿ, ಮಡಿಸಿ ಇಟ್ಟಿದ್ದವು. ಅವರವರು ಬಂದು ತೆಗೆದುಕೊಂಡು ಹೋದರು. ನನ್ನ ನೀಲಿ ರವಿಕೆ ಮಿಷನ್ ಮೇಲೆ ಇತ್ತು. ಬಲತೋಳು ಇದೆ. ಎಡತೋಳಿನ ತುಂಡು ಅವತ್ತಿನ ಗಲಾಟೆಯಲ್ಲಿ ಎಲ್ಲಿ ಹೋಯಿತೋ, ಇನ್ನೂ ಸಿಕ್ಕಿಲ್ಲ.